ಬೀದರ್, ಕಲಬುರಗಿ, ಯಾದಗಿರಿ ಭಾಗದ ಮೆಥೋಡಿಸ್ಟ್ ಸಭೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ್‌ನ ಮಂಗಲಪೇಟೆ, ಕಲಬುರಗಿ ಮತ್ತು ಯಾದಗಿರಿಯ ಮೆಥೋಡಿಸ್ಟ್ ದೇವಾಲಯಗಳ ಬಗ್ಗೆ ವಿಚಾರಿಸುವವರಲ್ಲಿ ಕಾಲೇಜಿನ ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ, ಅಜ್ಜ-ಅಜ್ಜಿಯರ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಾಖಲೆ ಹುಡುಕುತ್ತ ಪುಣೆ, ಹೈದರಾಬಾದುಗಳಿಂದ ಬರುವ ಕುಟುಂಬಗಳಿವೆ, ಮಗ್ಗುಲಲ್ಲೇ ಬದುಕಿಯೂ ಒಳಗೆ ಏನು ನಡೆಯುತ್ತದೆಂದು ಕೇಳಲು ಸಂಕೋಚಪಟ್ಟ ನೆರೆಯವರೂ ಇದ್ದಾರೆ. ಅವರಿಂದ ಹೆಚ್ಚಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದೆ.

ಮೆಥೋಡಿಸ್ಟ್ ಸಭೆ ಎಂದರೆ ಯಾವುದು? ಕ್ಯಾಥೊಲಿಕ್ ಸಭೆಗಿಂತ ಅದು ಹೇಗೆ ಭಿನ್ನ?

ಇದು ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಗಳಲ್ಲಿ ಒಂದು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ (1703–1791) ಮತ್ತು ಅವರ ತಮ್ಮ ಚಾರ್ಲ್ಸ್ ವೆಸ್ಲಿ ಆರಂಭಿಸಿದ ಜಾಗೃತಿಯಿಂದ ಇದು ಹುಟ್ಟಿತು. ಗಣಿ ಕಾರ್ಮಿಕರಿಗೂ ಕೂಲಿಕಾರರಿಗೂ ಬಯಲಿನಲ್ಲಿ ನಿಂತು ಬೋಧಿಸುವುದು, ಸದಸ್ಯರನ್ನು ಸಣ್ಣ ಸಣ್ಣ ಗುಂಪುಗಳಾಗಿ ಮಾಡಿ ವಾರಕ್ಕೊಮ್ಮೆ ಕೂಡಿಸುವುದು, ಪಾದ್ರಿಯಾಗಿ ದೀಕ್ಷೆ ಪಡೆಯದ ಸಾಮಾನ್ಯ ವಿಶ್ವಾಸಿಗೂ ಬೋಧಿಸುವ ಹೊಣೆ ಕೊಡುವುದು ಆ ಚಳವಳಿಯ ರೀತಿಯಾಗಿತ್ತು. ನಮ್ಮ ಭಾಗದ ಹಳ್ಳಿಗಳಲ್ಲಿ ಸಭೆ ಬೇರೂರಿದ್ದು ಇದೇ ರೀತಿಯಿಂದ ಎಂಬುದನ್ನು ಮುಂದಿನ ಉತ್ತರಗಳಲ್ಲಿ ಕಾಣಬಹುದು. ಸಂಸ್ಕಾರಗಳೆಂದು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಇವೆರಡನ್ನು ಮಾತ್ರ ಸ್ವೀಕರಿಸಲಾಗುತ್ತದೆ. ಸಭಾಪಾಲಕರು ಮದುವೆಯಾಗಬಹುದು, ಪೋಪರ ಅಧಿಕಾರಕ್ಕೆ ಇಲ್ಲಿ ಸ್ಥಾನವಿಲ್ಲ, ಆರಾಧನೆಯಲ್ಲಿ ವಿಗ್ರಹಗಳಿಲ್ಲ. ಆದರೆ ಬಿಷಪ್ ಇದ್ದಾರೆ, ಶಿಶುಗಳಿಗೂ ದೀಕ್ಷಾಸ್ನಾನ ಕೊಡಲಾಗುತ್ತದೆ.

ಮೈಸೂರು, ತುಮಕೂರು ಕಡೆಯ ಮೆಥೋಡಿಸ್ಟರು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆದರು. ಇಲ್ಲಿಯವರು ಏಕೆ ಆಗಲಿಲ್ಲ?

ಇವೆರಡರ ಮೂಲ ಬೇರೆ. ಹಳೆಯ ಮೈಸೂರು ಸಂಸ್ಥಾನಕ್ಕೆ ಬಂದದ್ದು ಬ್ರಿಟನ್ನಿನ ವೆಸ್ಲಿಯನ್ ಮಿಷನ್. ನಮ್ಮ ಪಕ್ಕದ ಮೆದಕ್ ಪ್ರಾಂತ್ಯದಲ್ಲಿ ದೊಡ್ಡದಾಗಿ ಬೆಳೆದದ್ದೂ ಅದೇ. ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಕೆಲಸ ಮಾಡಿದ್ದು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆಂಗ್ಲಿಕನರು, ಬ್ರಿಟಿಷ್ ಮೂಲದ ಮೆಥೋಡಿಸ್ಟರು ಮತ್ತು ಪ್ರೆಸ್ಬಿಟೇರಿಯನ್–ಕಾಂಗ್ರಿಗೇಷನಲ್ ಪರಂಪರೆಯವರು ಅದರಲ್ಲಿ ಸೇರಿದರು. ಅಮೆರಿಕ ಮೂಲದ ಮೆಥೋಡಿಸ್ಟರು ಹೊರಗುಳಿದರು. 1970ರಲ್ಲಿ ಉತ್ತರ ಭಾರತ ಸಭೆ ರಚನೆಯಾದಾಗಲೂ ಅವರು ಸೇರಲಿಲ್ಲ. ಉತ್ತರ ಪ್ರದೇಶದಿಂದ ಕರ್ನಾಟಕದವರೆಗೆ ಒಂದೇ ಆಡಳಿತದಡಿ ಹರಡಿದ್ದ ಸಭೆಗೆ ದಕ್ಷಿಣದ ತುಂಡನ್ನು ಒಂದು ಒಕ್ಕೂಟಕ್ಕೂ ಉತ್ತರದ ತುಂಡನ್ನು ಇನ್ನೊಂದಕ್ಕೂ ಬಿಟ್ಟುಕೊಡುವುದು ಸುಲಭದ ಮಾತಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮುಂದೆ 1981ರ ಜನವರಿ 7ರಂದು ಅದು ಅಮೆರಿಕದ ಮಾತೃಸಭೆಯ ಆಡಳಿತದಿಂದ ಬಿಡುಗಡೆ ಹೊಂದಿ, 'ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ' ಎಂಬ ಸ್ವಾಯತ್ತ ಸಭೆಯಾಯಿತು. ಇಂದಿಗೂ ನಮ್ಮ ಸಭೆಗಳನ್ನು ವಿದೇಶದ ಸಭೆ ನಡೆಸುತ್ತದೆ ಎಂದು ತಿಳಿದವರು ಈ ಇಸವಿಯನ್ನು ಗಮನಿಸಬೇಕು.

ಸಭೆ ಈ ಭಾಗಕ್ಕೆ ಬಂದದ್ದು ಹೇಗೆ?

ರೈಲಿನ ಜೊತೆಗೆ ಎಂದರೆ ತಪ್ಪಾಗದು. ಅಮೆರಿಕದ ಮೆಥೋಡಿಸ್ಟರ ಭಾರತದ ಕೆಲಸ 1856ರಲ್ಲಿ ವಿಲಿಯಂ ಬಟ್ಲರ್ ಅವರಿಂದ ಉತ್ತರದಲ್ಲಿ, ಬರೇಲಿಯ ಸುತ್ತ ಆರಂಭವಾಗಿತ್ತು. ದಕ್ಷಿಣಕ್ಕೆ ಅದನ್ನು ತಂದವರು ವಿಲಿಯಂ ಟೇಲರ್. 1870ರಲ್ಲಿ ಭಾರತಕ್ಕೆ ಬಂದ ಈ ಸಂಚಾರಿ ಬೋಧಕರು ಮುಂಬಯಿ, ಪುಣೆ, ಮದ್ರಾಸು, ಬೆಂಗಳೂರು ಮೊದಲಾದ ಊರುಗಳಲ್ಲಿ ಉಜ್ಜೀವನ ಕೂಟಗಳನ್ನು, ಎಂದರೆ ವಿಶ್ವಾಸವನ್ನು ಮತ್ತೆ ಎಚ್ಚರಿಸುವ ಬೋಧನೆಯ ಕೂಟಗಳನ್ನು, ನಡೆಸಿದರು. ಅವರ ಮಾತು ಮೊದಲು ತಲುಪಿದ್ದು ಇಂಗ್ಲಿಷ್ ಬಲ್ಲವರಿಗೆ, ಅದರಲ್ಲೂ ರೈಲ್ವೆಯಲ್ಲಿ ದುಡಿಯುತ್ತಿದ್ದ ಆಂಗ್ಲೋ-ಇಂಡಿಯನ್ ಚಾಲಕರು, ಗಾರ್ಡುಗಳು, ಸ್ಟೇಷನ್ ಸಿಬ್ಬಂದಿಗೆ. ಮಿಷನ್ನಿನ ಹಣ ಕೇಳದೆ ಸ್ಥಳೀಯ ಸದಸ್ಯರೇ ತಮ್ಮ ಸಭೆಯ ಖರ್ಚು ಹೊರಬೇಕೆಂಬುದು ಟೇಲರ್ ಅವರ ಪಟ್ಟು. 1876ರಲ್ಲಿ ದಕ್ಷಿಣ ಭಾರತ ಸಮ್ಮೇಳನ, ಎಂದರೆ ಈ ಸಭೆಗಳ ಆಡಳಿತ ಮಂಡಲ, ರಚನೆಯಾಯಿತು.

ಮುಂಬಯಿ–ಮದ್ರಾಸು ರೈಲುಮಾರ್ಗ 1871ರಲ್ಲಿ ರಾಯಚೂರಿನ ಬಳಿ ಕೂಡಿಕೊಂಡಿತ್ತು. ಕಲಬುರಗಿ, ವಾಡಿ, ಯಾದಗಿರಿ ಮೂರೂ ಅದೇ ಮಾರ್ಗದ ಮೇಲಿವೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗವೂ ತೆರೆಯಿತು. ಒಂದು ಕಾಲದಲ್ಲಿ ಎತ್ತಿನ ಬಂಡಿಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ಒಂದು ರಾತ್ರಿಯ ಪ್ರಯಾಣವಾದಾಗ, ಮುಂಬಯಿ ಮತ್ತು ಹೈದರಾಬಾದುಗಳ ನಡುವೆ ಓಡಾಡುವ ಮಿಷನರಿಯ ಕಣ್ಣಿಗೆ ಈ ನಡುವಿನ ಕನ್ನಡ ನಾಡು ಬೀಳದಿರುವುದು ಸಾಧ್ಯವಿರಲಿಲ್ಲ. 19ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಕಲಬುರಗಿ ಮತ್ತು ಬೀದರ್‌ಗಳಲ್ಲಿ ಮಿಷನ್ ನೆಲೆಗಳು ಸಿದ್ಧವಾದವು. ರೈಲು ಮಾರ್ಗದಿಂದ ದೂರವಿದ್ದ ಬೀದರ್‌ಗೆ ಬಂಡಿ, ಕುದುರೆಗಳೇ ಗತಿಯಾಗಿದ್ದವು.

ಈ ನೆಲ ಆಗ ನಿಜಾಮರ ಆಳ್ವಿಕೆಯಲ್ಲಿತ್ತು, ಬ್ರಿಟಿಷರ ನೇರ ಆಡಳಿತದಲ್ಲಿರಲಿಲ್ಲ. ಆದ್ದರಿಂದ 'ಬ್ರಿಟಿಷ್ ಸರ್ಕಾರ ಇಲ್ಲಿ ಚರ್ಚು ಕಟ್ಟಿಸಿತು' ಎಂಬ ಮಾತು ನಮ್ಮ ಜಿಲ್ಲೆಗಳಿಗೆ ಹೊಂದುವುದಿಲ್ಲ. ಕಚೇರಿಯ ಭಾಷೆ ಉರ್ದು, ಒಡೆಯ ಮುಸ್ಲಿಂ ಅರಸ, ಪ್ರಜೆಗಳಲ್ಲಿ ಹೆಚ್ಚಿನವರು ಹಿಂದೂಗಳು, ಬೋಧಿಸಲು ಬಂದವರು ಅಮೆರಿಕದವರು. ಇಂತಹ ಕೂಟದಲ್ಲಿ ಸಭೆ ಹುಟ್ಟಿತು.

ಹಾಗಾದರೆ ಹಳ್ಳಿಗಳಲ್ಲಿ ಸಭೆಯನ್ನು ಕಟ್ಟಿದವರು ಅಮೆರಿಕದ ಮಿಷನರಿಗಳೇ?

ಬಹುಮಟ್ಟಿಗೆ ಅಲ್ಲ. ಗೋಡೆಯ ಮೇಲಿನ ಫಲಕಗಳಲ್ಲಿ ಮಿಷನರಿಗಳ ಹೆಸರಿರುತ್ತದೆ, ಫೋಟೋಗಳ ನಡುವೆ ಅವರೇ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಆದರೆ ಒಬ್ಬ ಮಿಷನರಿಯ ಪಾಲಿಗೆ ಹತ್ತಾರು ಹಳ್ಳಿಗಳು ಬರುತ್ತಿದ್ದವು. ಚಳಿಗಾಲದಲ್ಲಿ ಗುಡಾರ ಹಾಕಿಕೊಂಡು ಒಂದು ಸುತ್ತು ಬಂದರೆ ಮತ್ತೆ ಆ ಹಳ್ಳಿಗೆ ಬರುವುದು ಮುಂದಿನ ವರ್ಷ. ಉಳಿದ ದಿನಗಳಲ್ಲಿ ಅಲ್ಲಿ ಇದ್ದವರು ಊರಿನ ಬೋಧಕರು ಮತ್ತು ಅವರ ಹೆಂಡತಿಯರು.

ಬೋಧಕರ ಕೆಲಸ ಹೀಗಿತ್ತು. ಕೇರಿಯಲ್ಲಿಯೇ ಒಂದು ಕೋಣೆಯ ಮನೆ. ಬೆಳಿಗ್ಗೆ ಮಕ್ಕಳಿಗೆ ಅಕ್ಷರ, ಮಗ್ಗಿ, ವೇದದ (ಬೈಬಲಿನ) ಕಥೆ. ಹಗಲು ಜನ ಹೊಲಕ್ಕೆ ಹೋಗುವುದರಿಂದ ದೊಡ್ಡವರ ಪ್ರಾರ್ಥನೆ ರಾತ್ರಿ ಊಟವಾದ ಮೇಲೆ, ಕಂದೀಲಿನ ಬೆಳಕಿನಲ್ಲಿ. ತಾಳ, ಡೋಲಕ್ಕು, ಏಕತಾರಿಯ ಜೊತೆ ಭಜನೆ. ಅರ್ಜಿ ಬರೆಯಲು, ತಹಸೀಲಿನಿಂದ ಬಂದ ಕಾಗದ ಓದಿ ಹೇಳಲು, ಜ್ವರ ಬಂದವರನ್ನು ಮಿಷನ್ ಆಸ್ಪತ್ರೆಗೆ ಕರೆದೊಯ್ಯಲು ಜನ ಇವರ ಬಾಗಿಲಿಗೇ ಬರುತ್ತಿದ್ದರು. ಅವರ ಹೆಂಡತಿ ಹೆಣ್ಣುಮಕ್ಕಳ ನಡುವೆ ಕುಳಿತು ಓದು, ಹೊಲಿಗೆ, ಬಾಣಂತಿಯ ಆರೈಕೆ ಹೇಳಿಕೊಡುತ್ತಿದ್ದರು. ಹೀಗೆ ಮನೆಯಿಂದ ಮನೆಗೆ ಹೋಗಿ ವೇದ ಓದಿ ಹೇಳುವ ಹೆಂಗಸರಿಗೆ 'ಬೈಬಲ್ ವುಮನ್' ಎಂಬ ಹೆಸರಿತ್ತು. ಸಂಬಳ ಅಲ್ಪ, ಅದೂ ಮಿಷನ್ನಿನ ಹಣಕಾಸು ಬಿಗಿಯಾದಾಗ ಮೊದಲು ಕಡಿತವಾಗುತ್ತಿದ್ದದ್ದು. ನಮ್ಮ ಸಭೆಯ ಇತಿಹಾಸವನ್ನು ನ್ಯಾಯವಾಗಿ ಬರೆಯುವುದಾದರೆ ಈ ದಂಪತಿಗಳಿಂದ ಆರಂಭಿಸಬೇಕು ಎಂಬುದು ಈ ಬರಹಗಾರನ ಅಭಿಪ್ರಾಯ. ದುರದೃಷ್ಟವಶಾತ್ ಮುದ್ರಿತ ವರದಿಗಳಲ್ಲಿ ಇವರಲ್ಲಿ ಬಹಳ ಮಂದಿ ಹೆಸರಿಲ್ಲದ 'ಸ್ಥಳೀಯ ಸಹಾಯಕ'ರಾಗಿ ಮಾತ್ರ ಉಳಿದಿದ್ದಾರೆ.

ಯಾವ ಸಮುದಾಯದವರು ಸಭೆಗೆ ಸೇರಿದರು? ಆಮಿಷಕ್ಕೆ ಸೇರಿದರು ಎನ್ನುತ್ತಾರಲ್ಲ?

ಹೆಚ್ಚಿನವರು ಹೊಲೆಯ ಮತ್ತು ಮಾದಿಗ ಸಮುದಾಯಗಳವರು. ಒಬ್ಬೊಬ್ಬರಾಗಿ ಬಂದದ್ದಕ್ಕಿಂತ ಕುಟುಂಬ ಕುಟುಂಬವಾಗಿ, ಕೆಲವೆಡೆ ಇಡೀ ಕೇರಿಯಾಗಿ ಬಂದವರೇ ಹೆಚ್ಚು. ಆಮಿಷದ ಮಾತಿಗೆ ಒಂದೇ ಸಾಲಿನ ಉತ್ತರ ಕೊಡುವುದು ಪ್ರಾಮಾಣಿಕವಾಗದು. ಶಾಲೆ ಬೇಕಾಗಿತ್ತು, ಔಷಧ ಬೇಕಾಗಿತ್ತು, ಬಿಟ್ಟಿ ಚಾಕರಿಯ ವಿರುದ್ಧ ಮಾತನಾಡಬಲ್ಲ ಒಬ್ಬ ಮನುಷ್ಯ ಬೇಕಾಗಿತ್ತು, ಇದನ್ನು ಮುಚ್ಚಿಡಬೇಕಾದ್ದಿಲ್ಲ. ಊರ ಬಾವಿಯ ನೀರು ಮುಟ್ಟಲಾಗದ, ಶಾಲೆಯ ಒಳಗೆ ಕೂರಲಾಗದ ಜನ ತಮ್ಮನ್ನು ಒಳಗೆ ಕರೆದ ಕಡೆ ಹೋದರು. ಅದನ್ನು ಆಮಿಷ ಎನ್ನುವವರು ಊರು ಆಗ ಅವರಿಗೆ ಏನು ಕೊಡುತ್ತಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಅದೇ ಹೊತ್ತಿಗೆ, ಜಾತಿಯ ನೆನಪು ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಯಿತು ಎಂದು ಹೇಳಿದರೂ ಸುಳ್ಳಾಗುತ್ತದೆ. ನಂಟಸ್ತನ ಮಾಡುವಾಗ 'ಯಾವ ಕಡೆಯವರು' ಎಂಬ ಪ್ರಶ್ನೆ ಸಭೆಯ ಒಳಗೂ ಕೇಳಿಬರುತ್ತದೆ.

ಆಮಿಷದ ಮಾತಿಗೆ ಕಾನೂನಿನ ಮಗ್ಗುಲೊಂದು ಇದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಿಲ್ಲ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕವು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದೆ. ಆದ್ದರಿಂದ ಕ್ರೈಸ್ತನೆಂದು ಬರೆಸಿದ ದಲಿತ ಕುಟುಂಬವೊಂದು ಪರಿಶಿಷ್ಟರಿಗೆ ಸಿಗುವ ಸೌಲಭ್ಯವನ್ನು ಕಳೆದುಕೊಳ್ಳುತ್ತದೆಯೇ ಹೊರತು ಗಳಿಸುವುದಿಲ್ಲ.

ಆರಾಧನೆ ಯಾವ ಭಾಷೆಯಲ್ಲಿ ನಡೆಯುತ್ತದೆ?

ಮುಖ್ಯವಾಗಿ ಕನ್ನಡದಲ್ಲಿ. ಆದರೆ ಬೀದರ್ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಸೇರುವ ಮೂಲೆ. ಕನ್ನಡದಲ್ಲಿ ಪ್ರಾರ್ಥಿಸಿ, ತೆಲುಗಿನ ಕೀರ್ತನೆ ಹಾಡಿ, ಹೊರಗೆ ಬಂದು ದಖನಿಯಲ್ಲಿ ಹರಟೆ ಹೊಡೆಯುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಮರಾಠಿ ಹಾಡುಗಳೂ ಗಡಿ ತಾಲ್ಲೂಕುಗಳಲ್ಲಿ ಕೇಳಿಬರುತ್ತವೆ. ಕನ್ನಡ ಸತ್ಯವೇದ ಬಂದದ್ದು ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಮುದ್ರಣವಾಗಿತ್ತು. ಹೀಗಾಗಿ ಇಲ್ಲಿಗೆ ಮೆಥೋಡಿಸ್ಟರು ಬರುವ ಹೊತ್ತಿಗೆ ಕನ್ನಡದ ವೇದ ಅರ್ಧ ಶತಮಾನದಷ್ಟು ಹಳೆಯದಾಗಿತ್ತು.

ಶಾಲೆ, ವಸತಿನಿಲಯ, ಆಸ್ಪತ್ರೆಗಳ ಕಥೆ ಏನು?

ಊರಿನ ಇತರ ಜನರು ಸಭೆಯನ್ನು ಗುರುತಿಸುವುದೇ ಇವುಗಳಿಂದ. ಬೀದರ್‌ನಲ್ಲಿ ಮಿಷನ್ ಆಸ್ಪತ್ರೆ, ಯಾದಗಿರಿಯಲ್ಲಿ ಹೋಲ್ಸ್ಟನ್ ಆಸ್ಪತ್ರೆ ಬಂದವು. ಹೋಲ್ಸ್ಟನ್ ಎಂಬುದು ಅಮೆರಿಕದ ಟೆನೆಸ್ಸಿ, ವರ್ಜೀನಿಯ ಕಡೆಯ ಒಂದು ನದಿ. ಆ ಪ್ರದೇಶದ ಮೆಥೋಡಿಸ್ಟ್ ಸಮ್ಮೇಳನಕ್ಕೂ ಅದೇ ಹೆಸರು. ಅಲ್ಲಿಯ ಸಭೆಗಳ ನೆರವನ್ನು ಈ ಹೆಸರು ಇಂದಿಗೂ ಹೇಳುತ್ತದೆ. ಸರ್ಕಾರಿ ದವಾಖಾನೆ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇದ್ದ ಕಾಲದಲ್ಲಿ ಹೆರಿಗೆಗೂ ಹಾವು ಕಡಿತಕ್ಕೂ ಜನ ಜಾತಿ ಧರ್ಮ ನೋಡದೆ ಮಿಷನ್ ದವಾಖಾನೆಯ ದಾರಿ ಹಿಡಿಯುತ್ತಿದ್ದರು. ಪರದೆಯ ಪದ್ಧತಿ ಬಲವಾಗಿದ್ದ ಮನೆಗಳಿಂದ ಹೆಂಗಸರು ಬರುತ್ತಿದ್ದದ್ದು ಅಲ್ಲಿ ಹೆಣ್ಣು ಡಾಕ್ಟರುಗಳೂ ನರ್ಸುಗಳೂ ಸಿಗುತ್ತಿದ್ದರೆಂಬ ಕಾರಣಕ್ಕೆ.

ವಸತಿನಿಲಯಗಳ ಪಾತ್ರ ಇನ್ನೂ ದೊಡ್ಡದು ಎನ್ನಬೇಕು. ಹಳ್ಳಿಯ ಬೋಧಕರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ ಹುಡುಗ ಹುಡುಗಿಯರನ್ನು ಮುಂದಕ್ಕೆ ಓದಿಸಿದ್ದು ಪಟ್ಟಣದ ಮಿಷನ್ ಬೋರ್ಡಿಂಗ್. ಬೆಳಿಗ್ಗೆ ಗಂಟೆ, ಪ್ರಾರ್ಥನೆ, ಕಸ ಗುಡಿಸುವ ಸರದಿ, ಜೋಳದ ರೊಟ್ಟಿ, ಬೇಳೆ, ಸಂಜೆ ಕಂದೀಲಿನ ಸುತ್ತ ಓದು. ಅಲ್ಲಿಂದ ಹೊರಬಿದ್ದವರು ಶಿಕ್ಷಕರು, ನರ್ಸುಗಳು, ರೈಲ್ವೆ ಮತ್ತು ಸರ್ಕಾರಿ ನೌಕರರು ಆದರು. ಒಂದೇ ತಲೆಮಾರಿನಲ್ಲಿ ಜೀತದಿಂದ ಸಂಬಳಕ್ಕೆ ಬಂದ ಕುಟುಂಬಗಳು ಈ ಮೂರು ಜಿಲ್ಲೆಗಳಲ್ಲಿ ಬೇಕಾದಷ್ಟಿವೆ.

ವಿದೇಶದ ನೆರವು ಕಡಿಮೆಯಾದಂತೆ ಮತ್ತು ಸರ್ಕಾರಿ ಶಾಲೆ, ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳು ಬಂದಂತೆ ಈ ಸಂಸ್ಥೆಗಳ ಮಹತ್ವ ಮೊದಲಿನಂತೆ ಉಳಿದಿಲ್ಲ. ಹಳೆಯ ಕಟ್ಟಡಗಳ ದುರಸ್ತಿಯೇ ದೊಡ್ಡ ಹೊರೆಯಾಗಿದೆ, ಮಿಷನ್ ಕಾಂಪೌಂಡುಗಳ ಜಾಗದ ವ್ಯಾಜ್ಯಗಳು ಸಭೆಯ ಶಕ್ತಿಯನ್ನು ಹೀರುತ್ತವೆ. ಇದು ನಮ್ಮ ಭಾಗದ ಸಂಕಟ ಮಾತ್ರವಲ್ಲ, ದೇಶದ ಅನೇಕ ಹಳೆಯ ಮಿಷನ್ ಸಭೆಗಳ ಸಂಕಟ.

ಸಭಾಪಾಲಕರನ್ನು ಯಾರು ನೇಮಿಸುತ್ತಾರೆ? ಮೂರ್ನಾಲ್ಕು ವರ್ಷಕ್ಕೆ ಏಕೆ ಬದಲಾಗುತ್ತಾರೆ?

ಬಿಷಪರು ನೇಮಿಸುತ್ತಾರೆ. ಸಭೆಗಳು ಸೇರಿ ಒಂದು ಜಿಲ್ಲೆ, ಅದಕ್ಕೊಬ್ಬ ಜಿಲ್ಲಾ ಮೇಲ್ವಿಚಾರಕರು. ಜನ ಅವರನ್ನು 'ಡಿ.ಎಸ್.' ಎಂದೇ ಕರೆಯುತ್ತಾರೆ. ಜಿಲ್ಲೆಗಳು ಸೇರಿ ಪ್ರಾಂತೀಯ ಸಮ್ಮೇಳನ. ನಮ್ಮದು ದಕ್ಷಿಣ ಭಾರತ ಪ್ರಾಂತೀಯ ಸಮ್ಮೇಳನ. ಸಮ್ಮೇಳನದ ಕೊನೆಯಲ್ಲಿ ಬಿಷಪರು ನೇಮಕದ ಪಟ್ಟಿ ಓದುವಾಗ ಅಯ್ಯನವರ (ಸಭಾಪಾಲಕರ) ಮನೆಯವರು ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ, ಮಕ್ಕಳ ಶಾಲೆ ಯಾವ ಊರಿಗೆ ಬದಲಾಗುವುದೋ ಎಂದು. ಬೋಧಕ ಒಂದೇ ಊರಿನಲ್ಲಿ ಬೇರೂರಬಾರದೆಂಬುದು ವೆಸ್ಲಿಯವರ ಕಾಲದ ನಿಯಮ. ಇದರಿಂದ ಸಭೆ ಒಬ್ಬರ ಸ್ವತ್ತಾಗುವುದು ತಪ್ಪುತ್ತದೆ. ಜನರ ಪರಿಚಯವಾಗುವ ಹೊತ್ತಿಗೆ ಅವರು ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂಬ ದೂರೂ ಅಷ್ಟೇ ನಿಜ. ಸಭೆಯ ದಿನನಿತ್ಯದ ಖರ್ಚುವೆಚ್ಚ ನೋಡಿಕೊಳ್ಳುವುದು ಸದಸ್ಯರು ಆರಿಸಿದ ಕಮಿಟಿ.

ಹೆಂಗಸರಿಗೆ ಸಭೆಯಲ್ಲಿ ಯಾವ ಸ್ಥಾನವಿದೆ?

ಅಮೆರಿಕದ ಮೆಥೋಡಿಸ್ಟ್ ಹೆಂಗಸರು 1869ರಲ್ಲಿ ತಮ್ಮದೇ ಮಿಷನರಿ ಸಂಘ ಕಟ್ಟಿದರು. ಆ ಸಂಘ ಕಳಿಸಿದ ಶಿಕ್ಷಕಿ ಇಸಾಬೆಲ್ಲಾ ಥೋಬರ್ನ್ ಮತ್ತು ವೈದ್ಯೆ ಕ್ಲಾರಾ ಸ್ವೇನ್ 1870ರಲ್ಲಿ ಭಾರತಕ್ಕೆ ಬಂದರು. ಹೆಣ್ಣುಮಕ್ಕಳ ಶಾಲೆ, ಹೆಂಗಸರ ಆಸ್ಪತ್ರೆ ಎಂಬ ಎರಡು ಕೆಲಸಗಳ ಅಚ್ಚು ಆಗಲೇ ಬಿದ್ದಿತ್ತು, ನಮ್ಮ ಭಾಗಕ್ಕೂ ಅದೇ ಬಂತು. ಇಂದು ಪ್ರತಿ ಸಭೆಯಲ್ಲೂ ಸ್ತ್ರೀ ಸಮಾಜವಿದೆ. ಮನೆಮನೆಯ ಪ್ರಾರ್ಥನಾ ಕೂಟ, ರೋಗಿಗಳ ಭೇಟಿ, ಸತ್ತವರ ಮನೆಗೆ ಅಡಿಗೆ ಕಳಿಸುವುದು ಇವೆಲ್ಲ ಅವರ ಕೈಯಲ್ಲೇ ನಡೆಯುತ್ತವೆ. ಹೆಂಗಸರು ಸಭಾಪಾಲಕರಾಗಿ ದೀಕ್ಷೆ ಹೊಂದಲು ನಿಯಮದಲ್ಲಿ ಅಡ್ಡಿಯಿಲ್ಲ. ಆದರೂ ಕಮಿಟಿಯಲ್ಲಿ ಹಣದ ವಿಚಾರ ಬಂದಾಗ ಗಂಡಸರ ಧ್ವನಿಯೇ ಜೋರಾಗಿರುತ್ತದೆ.

ವರ್ಷದ ಮುಖ್ಯ ಹಬ್ಬಗಳು ಯಾವುವು?

ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್ ಎಲ್ಲರಿಗೂ ಗೊತ್ತಿರುವವು. ಡಿಸೆಂಬರಿನಲ್ಲಿ ಯುವಕರ ತಂಡ ಡೋಲಕ್ಕು ಹಿಡಿದು ರಾತ್ರಿಯಿಡೀ ಮನೆಮನೆಗೆ ಹೋಗಿ ಹಾಡುತ್ತದೆ. ಡಿಸೆಂಬರ್ 31ರ ರಾತ್ರಿಯ ಜಾಗರಣೆಯ ಆರಾಧನೆ ಮೆಥೋಡಿಸ್ಟರಿಗೆ ವಿಶೇಷವಾದದ್ದು. ಅದು ವೆಸ್ಲಿಯವರ ಕಾಲದಿಂದ ಬಂದ ರೂಢಿ.

ನೋಡಲೇಬೇಕಾದದ್ದು ಸುಗ್ಗಿಯ ಹಬ್ಬ. ರಾಶಿ ಮುಗಿದ ಮೇಲೆ ಜನ ತಮ್ಮ ಬೆಳೆಯ ಮೊದಲ ಪಾಲನ್ನು ದೇವಾಲಯಕ್ಕೆ ತರುತ್ತಾರೆ. ತೊಗರಿ, ಜೋಳ, ಕಡಲೆ ಚೀಲಗಳಲ್ಲಿ, ಕುಂಬಳಕಾಯಿ ತಲೆಯ ಮೇಲೆ, ಕಾಲು ಕಟ್ಟಿದ ನಾಟಿ ಕೋಳಿ ಕಂಕುಳಲ್ಲಿ. ಹೊಲವಿಲ್ಲದ ನೌಕರರು ಅಂಗಡಿಯ ಹಣ್ಣಿನ ಬುಟ್ಟಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಅಲ್ಲಿ ಬೆಲೆಗೂ ವಸ್ತುವಿಗೂ ಸಂಬಂಧವಿರುವುದಿಲ್ಲ. ಒಂದು ತೆಂಗಿನಕಾಯಿಯನ್ನು ಕೂಗಿ ಕೊಂಡವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಅದು ಮತ್ತೆ ಹರಾಜಾಗುತ್ತದೆ. ಅಳಿಯ–ಮಾವ, ಭಾವ–ಮೈದುನರ ನಡುವೆ ಪೈಪೋಟಿ ಹತ್ತಿದರೆ ಒಂದು ಮೊಟ್ಟೆಯ ಬೆಲೆ ಕುರಿಯ ಬೆಲೆಗೆ ಏರುವುದೂ ಉಂಟು. ಚಿಕ್ಕ ಸಭೆಗಳ ವರ್ಷದ ಖರ್ಚಿನ ದೊಡ್ಡ ಪಾಲು ಈ ಒಂದು ದಿನದಲ್ಲಿ ಕೂಡುತ್ತದೆ.

ಇನ್ನೊಂದು ಧಾರೂರ ಜಾತ್ರೆ. ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ನವೆಂಬರ್ ತಿಂಗಳಲ್ಲಿ ಕೂಡುವ ಈ ಮೆಥೋಡಿಸ್ಟ್ ಜಾತ್ರೆಗೆ ನಮ್ಮ ಜಿಲ್ಲೆಗಳಿಂದ ಜನ ಬುತ್ತಿ ಕಟ್ಟಿಕೊಂಡು ಹೋಗಿ, ಕಾಡಿನ ನಡುವೆ ಗುಡಾರ ಹಾಕಿ ದಿನಗಟ್ಟಲೆ ಉಳಿಯುತ್ತಾರೆ. ಪ್ರಸಂಗ (ಬೋಧನೆ), ಭಜನೆ, ಹರಕೆ, ನೆಂಟರ ಭೇಟಿ, ಹೆಣ್ಣು–ಗಂಡಿನ ಮಾತುಕತೆ ಎಲ್ಲವೂ ಅಲ್ಲಿ ಆಗುತ್ತವೆ. ರಾಜ್ಯಗಳ ಪುನರ್ವಿಂಗಡಣೆ 1956ರಲ್ಲಿ ಹೈದರಾಬಾದ್ ಸಂಸ್ಥಾನವನ್ನು ಮೂರು ಪಾಲು ಮಾಡಿದರೂ ಈ ಜಾತ್ರೆಯಲ್ಲಿ ಆ ಗೆರೆ ಅಷ್ಟಾಗಿ ಕಾಣುವುದಿಲ್ಲ.

ಕ್ರೈಸ್ತರಲ್ಲದವರು ಆರಾಧನೆಗೆ ಬರಬಹುದೇ?

ಬರಬಹುದು. ಚಪ್ಪಲಿ ಹೊರಗೆ ಬಿಡುವ ರೂಢಿ ಹಲವು ಕಡೆ ಇದೆ, ಸುತ್ತಲಿನವರನ್ನು ನೋಡಿ ನಡೆದರೆ ಸಾಕು. ಕಾಣಿಕೆ ಕಡ್ಡಾಯವಲ್ಲ. ಕರ್ತನ ಭೋಜನದ ಹೊತ್ತಿಗೆ ಕುಳಿತಲ್ಲೇ ಇರಬಹುದು.

ದೀಕ್ಷಾಸ್ನಾನ, ಮದುವೆಯ ಹಳೆಯ ದಾಖಲೆ ಪಡೆಯುವುದು ಹೇಗೆ?

ಆಯಾ ಸಭೆಯ ಸಭಾಪಾಲಕರನ್ನು ಕಂಡು ಅರ್ಜಿ ಕೊಡಬೇಕು. ವ್ಯಕ್ತಿಯ ಹೆಸರು, ತಂದೆ-ತಾಯಿಯ ಹೆಸರು, ಅಂದಾಜು ಇಸವಿ, ಹುಟ್ಟಿದ ಹಳ್ಳಿ ಇಷ್ಟಿದ್ದರೆ ಹುಡುಕಲು ಅನುಕೂಲ. ಹಳ್ಳಿಯ ಹೆಸರು ಬಹಳ ಮುಖ್ಯ. ಏಕೆಂದರೆ ಹಳ್ಳಿಯ ದೀಕ್ಷಾಸ್ನಾನಗಳು ಆಗ ಯಾವ ಪಟ್ಟಣದ ಸಭೆಗೆ ಆ ಹಳ್ಳಿ ಸೇರಿತ್ತೋ ಅಲ್ಲಿಯ ಪುಸ್ತಕದಲ್ಲಿ ಇರುತ್ತವೆ. ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದ ಊರ ಹೆಸರುಗಳನ್ನು ಗಟ್ಟಿಯಾಗಿ ಓದಿದರೆ ಕೆಲವೊಮ್ಮೆ ಗುರುತು ಸಿಗುತ್ತದೆ. ಮನೆಯಲ್ಲಿ ಕರೆಯುವ ಹೆಸರು ಒಂದು, ದೀಕ್ಷಾಸ್ನಾನದ ಹೆಸರು ಇನ್ನೊಂದು ಇರುವುದು ಸಾಮಾನ್ಯ, ಎರಡನ್ನೂ ತಿಳಿಸಬೇಕು.

ಮದುವೆಗಳು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ನಡೆಯುತ್ತವೆ. ವಧೂವರರಲ್ಲಿ ಒಬ್ಬರು ಮೊದಲು ಲಿಖಿತ ಸೂಚನೆ ಕೊಡಬೇಕು, ಮದುವೆಯ ಹೊತ್ತಿಗೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ರಿಜಿಸ್ಟರಿನಲ್ಲಿ ಎಲ್ಲರ ಸಹಿ ಬೀಳಬೇಕು. ಲಗ್ನಪತ್ರಿಕೆ ಅಚ್ಚು ಹಾಕಿಸಿದ ಮೇಲೆ ಸೂಚನೆ ಕೊಡಲು ಬರುವವರಿಂದಲೇ ಗಡಿಬಿಡಿ ಆಗುವುದು. ದಿನ ಗೊತ್ತುಮಾಡುವ ಮೊದಲೇ ಅಯ್ಯನವರನ್ನು ಕಾಣುವುದು ಒಳ್ಳೆಯದು.

ಸಭೆಯ ಇತಿಹಾಸ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಸಮಾಧಿಸ್ಥಳದಿಂದ. ಕಲ್ಲುಗಳ ಮೇಲಿನ ಹೆಸರು, ಇಸವಿಗಳನ್ನು ಬರೆದುಕೊಂಡು, ಅವನ್ನು ದೇವಾಲಯದ ಪುಸ್ತಕಗಳೊಂದಿಗೆ ಹೋಲಿಸಿ ನೋಡಿ. ಆಮೇಲೆ ಬೋರ್ಡಿಂಗಿನಲ್ಲಿ ಓದಿದ ಹಿರಿಯರನ್ನು, ಹಳ್ಳಿ ಬೋಧಕರ ಮಕ್ಕಳನ್ನು ಮಾತನಾಡಿಸಿ ದಾಖಲಿಸಿ. ಅವರ ಪೆಟ್ಟಿಗೆಗಳಲ್ಲಿ ಸಮ್ಮೇಳನದ ಹಳೆಯ ವರದಿ, ನೇಮಕದ ಪತ್ರ, ಗುಂಪು ಫೋಟೋಗಳು ಸಿಗುತ್ತವೆ. ಫೋಟೋ ಸಿಕ್ಕರೆ ನಡುವೆ ಕುಳಿತವರ ಹೆಸರಿಗೆ ತೃಪ್ತರಾಗದೆ, ಹಿಂದಿನ ಸಾಲಿನಲ್ಲಿ ನಿಂತ ಪ್ರತಿಯೊಬ್ಬರೂ ಯಾರೆಂದು ಕೇಳಿ, ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಹಳ್ಳಿಗಳಲ್ಲಿ ದುಡಿದವರಲ್ಲಿ ಬಹಳ ಮಂದಿ ಆ ಸಾಲಿನವರೇ.